ಚೇಂಬರಿನ ಕೊಕ್ಕೆ

ಹೋದ ತಿಂಗಳು ಮನೆಗೆ ಬಣ್ಣ ಹೊಡೆಸಿದೆವು. ಬಣ್ಣದವನು ದೇವರ ಕೋಣೆಯ ಬಾಗಿಲ ಪಕ್ಕದ ಗೋಡೆಯಿಂದ ಕ್ಯಾಲೆಂಡರನ್ನೂ ಅದರ ಪಕ್ಕದ ಮೊಳೆಯಲ್ಲಿದ್ದ ಕಬ್ಬಿಣದ ಕೊಕ್ಕೆಯನ್ನೂ ತೆಗೆದ. ಕ್ಯಾಲೆಂಡರು ಜೋಪಾನವಾಗಿ ಮೇಜಿನ ಮೇಲೆ ಬಂತು. ಕೊಕ್ಕೆ ಮಾತ್ರ ಕಾಣಲಿಲ್ಲ. ಮಂಚದ ಕೆಳಗೆ ನೋಡಿದೆ, ಅಕ್ಕಿ ಡಬ್ಬದ ಹಿಂದೆ ನೋಡಿದೆ, ಕೊನೆಗೆ ಗೇಟಿನ ಹೊರಗಿನ ಕಸದ ಬುಟ್ಟಿಗೂ ಕೈ ಹಾಕಿದೆ.

"ಏನ್ ಸಾರ್ ಕಳೆದೋಯ್ತು? ಬಂಗಾರಾನಾ?" ಎಂದ ಅವನು ಏಣಿಯ ಮೇಲಿಂದ.

"ಕೊಕ್ಕೆ ಕಣಯ್ಯಾ. ಇಷ್ಟುದ್ದದ್ದು."

"ಅಯ್ಯೋ, ಅದಾ? ಅದ್ರಲ್ಲೇ ಸಾರ್ ಡಬ್ಬ ನೇತಾಕಿರೋದು!"

ತಲೆಯೆತ್ತಿ ನೋಡಿದೆ. ಏಣಿಯ ಮೆಟ್ಟಿಲಿಗೆ ನನ್ನ ಕೊಕ್ಕೆ, ಕೊಕ್ಕೆಯಲ್ಲಿ ಅವನ ಬಣ್ಣದ ಡಬ್ಬ. ಅವನು ಕೆಳಗಿಳಿಯುವವರೆಗೂ ನಾನು ಏಣಿಯ ಬುಡದಲ್ಲೇ ಕುಳಿತಿದ್ದೆ. ಕೊಕ್ಕೆಯನ್ನು ಸೀಮೆಎಣ್ಣೆಯಲ್ಲಿ ಒರೆಸಿ ಮತ್ತೆ ಅದೇ ಮೊಳೆಗೆ ನೇತುಹಾಕಿದ ಮೇಲೆಯೇ ನನಗೆ ಊಟ ಸೇರಿದ್ದು.

ಅದು ಚೇಂಬರಿನ ಮುಚ್ಚಳ ಎತ್ತುವ ಕೊಕ್ಕೆ. ಚೇಂಬರ್ ಅಂದರೆ ಮನೆಯ ಬಚ್ಚಲು, ಕಕ್ಕಸು, ಅಡುಗೆಮನೆಗಳ ಕೊಳೆನೀರು ಬೀದಿಯ ದೊಡ್ಡ ಕೊಳವೆಗೆ ಸೇರುವ ಮುಂಚೆ ಹಾದುಹೋಗುವ, ನೆಲದೊಳಗಿನ ಇಟ್ಟಿಗೆ ತೊಟ್ಟಿ. ಮೇಲೊಂದು ಕಲ್ಲಿನ ಮುಚ್ಚಳ, ಎತ್ತಲು ಅದಕ್ಕೆ ಎರಡು ಕಬ್ಬಿಣದ ಬಳೆ. ಪ್ರತಿ ತಿಂಗಳ ಮೊದಲ ಭಾನುವಾರ ಕಾಫಿ ಕುಡಿದ ಮೇಲೆ ನಾನು ಕೊಕ್ಕೆ ತೆಗೆದುಕೊಂಡು ಹೋಗಿ ಆ ಮುಚ್ಚಳ ಎತ್ತಿ ಒಳಗೆ ನೋಡುತ್ತೇನೆ. ನೀರು ಸರಾಗವಾಗಿ ಹರಿಯುತ್ತಿದ್ದರೆ ಮುಚ್ಚಿ ಬಂದು ಕೈಕಾಲು ತೊಳೆದು ದೇವರ ದೀಪ ಹಚ್ಚುತ್ತೇನೆ. ಬೀದಿಯ ಮಕ್ಕಳು ನನಗೆ ಚೇಂಬರ್ ತಾತ ಎಂದು ಹೆಸರಿಟ್ಟಿದ್ದಾರೆ. ಹೈಸ್ಕೂಲು ಮುಗಿಸಿ ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸಿದವನಿಗೆ ಇದಕ್ಕಿಂತ ದೊಡ್ಡ ಬಿರುದು ಯಾರು ಕೊಡುತ್ತಾರೆ?

ಯಾರ ಮನೆಯ ಬಚ್ಚಲು ಗುಳುಗುಳು ಎಂದರೂ ನನಗೆ ಹೇಳಿಕಳಿಸುತ್ತಾರೆ. ನಾನು ಹೋಗಿ ಭಾಷಣ ಮಾಡುತ್ತೇನೆ. ಗುಳುಗುಳು ಶಬ್ದ ಬಂತೆಂದರೆ ಮೊದಲು ಮನೆಯ ನಲ್ಲಿಗಳನ್ನೆಲ್ಲ ನಿಲ್ಲಿಸಿ. ನೀರು ಹೋಗಲಿ ಅಂತ ಇನ್ನೆರಡು ಬಕೆಟ್ ಸುರಿಯಬೇಡಿ, ಅದು ಅಜೀರ್ಣಕ್ಕೆ ಇನ್ನೆರಡು ಒಬ್ಬಟ್ಟು ತಿಂದ ಹಾಗೆ. ಆಮೇಲೆ ಚೇಂಬರ್ ತೆಗೆದು ನೋಡಿ. ಅದು ತುಂಬಿಕೊಂಡಿದ್ದರೆ ಕಟ್ಟಿರುವುದು ಬೀದಿಯ ಕಡೆ. ಬರಿದಾಗಿದ್ದರೆ ಮನೆಯ ಕಡೆ. ಪಾತ್ರೆ ತಿಕ್ಕಿದ ಬೂದಿ, ಎಣ್ಣೆ ಜಿಡ್ಡು, ತಲೆಕೂದಲು ಇವೆಲ್ಲ ಬಚ್ಚಲ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಮಳೆನೀರಿನ ಕೊಳವೆಯನ್ನು ಇದಕ್ಕೆ ಸೇರಿಸಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಆ ಮುಚ್ಚಳದ ಮೇಲೆ ಏನನ್ನೂ ಕಟ್ಟಬೇಡಿ, ಏನನ್ನೂ.

ಈ ಕೊನೆಯ ಮಾತನ್ನು ನಾನು ಎರಡೆರಡು ಸಲ ಹೇಳುತ್ತೇನೆ. ವಯಸ್ಸಾಯಿತು ಪಾಪ ಎಂದುಕೊಂಡು ಜನ ತಲೆಯಾಡಿಸುತ್ತಾರೆ. ಆ ಕೊಕ್ಕೆ ದೇವರ ಕೋಣೆಯ ಪಕ್ಕ ಯಾಕೆ ನೇತಾಡುತ್ತಿದೆ ಎಂಬುದನ್ನು ನಾನು ಹೆಂಡತಿಗೂ ಹೇಳಿಲ್ಲ. ಒಬ್ಬ ಒಳ್ಳೆಯ ಹೆಂಗಸಿನ ಹೆಸರಿಗೆ ನಾನು ಮಸಿ ಬಳಿದದ್ದರ ನೆನಪಿಗೆ ಅದು ಅಲ್ಲಿದೆ. ಯಾರಿಗೆ ನೋವಾದೀತೆಂದು ಸುಮ್ಮನಿದ್ದೆನೋ ಅವರು ಹೋಗಿ ಬಹಳ ವರ್ಷವಾಯಿತು. ಯಾರಿಗೆ ನೋವು ಕೊಟ್ಟೆನೋ ಅವರೂ ಹೋದರು. ಇನ್ನು ಹೇಳಬಹುದು.

ನಾನು ಹುಟ್ಟಿ ಬೆಳೆದದ್ದು ಕನಕಪುರ ರಸ್ತೆಯ ಒಂದು ಹಳ್ಳಿಯಲ್ಲಿ. ನಮ್ಮ ಬಚ್ಚಲೆಂದರೆ ಒಂದು ಚಪ್ಪಡಿ, ಒಂದು ಹಂಡೆ, ಮೂರು ಕಡೆ ಸೋಗೆಯ ಮರೆ. ಸ್ನಾನದ ನೀರು ಚಪ್ಪಡಿಯಿಂದಿಳಿದು ಸಣ್ಣ ಕಾಲುವೆಯಲ್ಲಿ ಹರಿದು ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಶನಿವಾರದ ಎಣ್ಣೆಸ್ನಾನದ ದಿನ ಸೀಗೆಕಾಯಿಯ ನೊರೆ ಅದರಲ್ಲಿ ತೇಲುತ್ತಾ ಹೋಗುವುದನ್ನು ನಾನು ಚಡ್ಡಿಯೂ ಇಲ್ಲದೆ ಹಿಂಬಾಲಿಸುತ್ತಿದ್ದೆ. "ನೊರೆಗೆ ದಾರಿ ಗೊತ್ತು, ನೀನು ಬಂದು ಮೈ ಒರೆಸ್ಕೋ" ಎಂದು ಅಮ್ಮ ಕೂಗುತ್ತಿದ್ದಳು. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎರಡೂ ಕಣ್ಣಿಗೆ ಕಾಣುತ್ತಿದ್ದ ಕಾಲ ಅದು. ನಮ್ಮ ಕೊಳೆಯನ್ನು ಕುಡಿದ ಬಾಳೆ ನಮಗೇ ಎಲೆ ಕೊಡುತ್ತಿತ್ತು. ಅದರಲ್ಲಿ ನಾಚುವಂಥದ್ದೇನೂ ಇರಲಿಲ್ಲ. ನಾಚಿಕೆ ಕಲಿತದ್ದು ಬೆಂಗಳೂರಿಗೆ ಬಂದ ಮೇಲೆ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಬನಶಂಕರಿಯ ಆಚೆ, ಇಟ್ಟಮಡುವಿನ ಹೊಲಗಳು ಕಾಣುವಷ್ಟು ಹತ್ತಿರ, ಮೂವತ್ತಕ್ಕೆ ನಲವತ್ತಡಿಯ ನಿವೇಶನದಲ್ಲಿ ಮನೆ ಕಟ್ಟಿಸಿದೆ. ಮುಂದುಗಡೆ ನಮಗೆ, ಮೂರು ಮೆಟ್ಟಿಲು ಎತ್ತರದಲ್ಲಿ. ಹಿಂದುಗಡೆ ಬಾಡಿಗೆಗೆ ಎರಡು ಕೋಣೆ, ನೆಲಮಟ್ಟದಲ್ಲಿ. ಆಗ ತಾನೇ ನಮ್ಮ ಬೀದಿಗೆ ಒಳಚರಂಡಿ ಬಂದಿತ್ತು. ಹಿಂದಿನಿಂದ ಮನೆಯ ಪಕ್ಕದುದ್ದಕ್ಕೂ ಕೊಳವೆ ಬಂದು ಮುಂದಿನ ಅಂಗಳದಲ್ಲಿ ಬೀದಿಯ ಕಡೆಗೆ ತಿರುಗಬೇಕು. ಕೊಳವೆ ತಿರುಗುವ ಕಡೆ ಚೇಂಬರ್ ಬೇಕು. ಮೇಸ್ತ್ರಿ ಚಿಕ್ಕಣ್ಣ ಅದನ್ನು ಕಟ್ಟಿ ಕಲ್ಲು ಮುಚ್ಚಿದ. ಸಂಜೆ ಸೈಕಲ್ಲಿನಲ್ಲಿ ಬಂದು ನೋಡುತ್ತೇನೆ, ತಲೆಬಾಗಿಲಿಗೆ ನೇರವಾಗಿ ಎದುರಿಗೇ ಕೂತಿದೆ.

ಗೃಹಪ್ರವೇಶಕ್ಕೆ ಕಾರ್ಖಾನೆಯ ಸಾಹೇಬರು ಬರುವವರಿದ್ದರು. ಗೇಟು ತೆಗೆದ ಕೂಡಲೆ ಅವರ ಕಣ್ಣಿಗೆ ಬೀಳುವುದು ಇದೇ. ಅಮ್ಮನಿಗೋ ಬಾಗಿಲ ಎದುರು ತುಳಸಿಕಟ್ಟೆ ಬೇಕು, ಅವಳು ಕೇಳಿದ್ದು ಅದೊಂದನ್ನೇ. ಆಗ ನನ್ನ ತಲೆಗೆ ಒಂದು ಜಾಣತನ ಹೊಳೆಯಿತು. ಜೀವಮಾನದಲ್ಲಿ ಜಾಣತನಗಳು ನನಗೆ ಹೆಚ್ಚು ಹೊಳೆದಿಲ್ಲ. ಹೊಳೆದ ಒಂದೆರಡೂ ಹೀಗೆಯೇ.

"ಚಿಕ್ಕಣ್ಣ, ಕಟ್ಟೆ ಇದರ ಮೇಲೇ ಕಟ್ಟಿಬಿಡು."

ಅವನು ಬಾಯಿಯ ಬೀಡಿ ತೆಗೆದ. "ಸಾರ್, ಇದು ಮನೆ ಹೊಟ್ಟೆ ಇದ್ದಂಗೆ. ಇದನ್ನೇ ಮುಚ್ಬಿಟ್ರೆ ನಾಳೆ ಹೊಟ್ಟೆನೋವು ಬಂದಾಗ ಡಾಕ್ಟ್ರು ಎಲ್ಲಿ ಕೈಯಿಟ್ಟು ನೋಡ್ಬೇಕು?"

"ಬರಲ್ಲ ಬಿಡು. ಹೊಸ ಕೊಳವೆ."

"ಹೊಸದು ಹಳೇದಾಗಲ್ವಾ? ನಾವೂ ಹೊಸದಾಗೇ ಹುಟ್ಟಿದ್ವಿ." ಆಮೇಲೆ ದನಿ ತಗ್ಗಿಸಿ, "ಅದೂ ತುಳಸಮ್ಮನ್ನ, ಇಂಥಾದ್ರ ಮೇಲೆ..." ಎಂದು ಕೆನ್ನೆ ತಟ್ಟಿಕೊಂಡ.

"ಕಲ್ಲು ಅಡ್ಡ ಇದೆಯಲ್ಲ. ಕಟ್ಟೋ ಮಾರಾಯ."

ಕಟ್ಟಿದ. ನನ್ನ ಹೆಂಡತಿ ಆಗ ಬಾಣಂತನಕ್ಕೆ ತವರಿನಲ್ಲಿದ್ದಳು. ವಿಷಯ ಗೊತ್ತಿದ್ದದ್ದು ಮೇಸ್ತ್ರಿಗೆ, ನನಗೆ. ಅಮ್ಮ ಊರಿನಿಂದ ತುಳಸಿಯ ಸಸಿ ತಂದಳು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು. ನೆಡುವ ಮುಂಚೆ ಕೇಳಿದಳು: "ಇಲ್ಲಿ ನೆಲ ಶುದ್ಧವಾಗಿತ್ತೇನೋ ಸೀನ?"

"ಶುದ್ಧವಾಗಿತ್ತಮ್ಮ. ನಾನೇ ಅಗೆಸಿ ನೋಡಿದ್ದೀನಿ" ಎಂದೆ.

ಇದು ಮೊದಲನೆಯ ಸುಳ್ಳು. ಅಗೆಸಿ ನೋಡಿದ್ದಂತೂ ನಿಜವಾಗಿತ್ತು.

ಹಿಂದಿನ ಕೋಣೆಗಳಿಗೆ ಕಮಲಕ್ಕ ಬಂದರು. ಗಂಡ ಸಿಟಿ ಬಸ್ಸಿನ ಕಂಡಕ್ಟರು. ದಿನವೆಲ್ಲ ಕೂಗಿ ಕೂಗಿಯೋ ಏನೋ ಮನೆಯಲ್ಲಿ ಮಾತೇ ಆಡುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಕಮಲಕ್ಕ ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು. ಅವರ ಕೈಯಲ್ಲೊಂದು ವಿದ್ಯೆಯಿತ್ತು: ಮೊಗ್ಗಿನ ಜಡೆ. ಬೇಸಿಗೆ ಬಂದು ಮಲ್ಲಿಗೆ ಸುರಿಯತೊಡಗಿದರೆ ಜಯನಗರದಿಂದ, ಬಸವನಗುಡಿಯಿಂದ ಹೆಣ್ಣುಮಕ್ಕಳನ್ನು ಕರೆದುಕೊಂಡು ತಾಯಂದಿರು ಬರುತ್ತಿದ್ದರು. ಮದುವಣಗಿತ್ತಿಯರಿಗೆ ಇವರೇ ಹೋಗುತ್ತಿದ್ದರು. ಬಾಳೆಯ ಪಟ್ಟೆ ಸೀಳಿ, ಅದರ ಮೇಲೆ ಒಂದೇ ಅಳತೆಯ ಮೊಗ್ಗುಗಳನ್ನು ಸಾಲಾಗಿ ಹೊಲಿದು, ನಡುವೆ ಕನಕಾಂಬರದ ಚುಕ್ಕಿ, ಜರಿಯ ಗೆರೆ. ಬಾಳೆನಾರಿನಿಂದ ಅದನ್ನು ಜಡೆಗೆ ಬಿಗಿದರೆ ಹುಡುಗಿ ತಲೆ ಅಲ್ಲಾಡಿಸಲೂ ಹೆದರಿ ರಾಣಿಯ ಹಾಗೆ ನಡೆಯುತ್ತಿದ್ದಳು. ನನ್ನ ಮಗಳು ಪುಟ್ಟಿಗೆ ಮೂರು ತುಂಬಿದ ಬೇಸಿಗೆಯಲ್ಲಿ ಅವಳ ಮೋಟು ಕೂದಲಿಗೂ ಚೌರಿ ಸೇರಿಸಿ ಜಡೆ ಹಾಕಿದರು. ಸ್ಟುಡಿಯೋದಲ್ಲಿ ಬೆನ್ನಹಿಂದೆ ಕನ್ನಡಿಯಿಟ್ಟು ತೆಗೆಸಿದ ಫೋಟೋ ಈಗಲೂ ಇದೆ. ಮುಂದೆ ಅಳುತ್ತಿರುವ ಪುಟ್ಟಿ, ಕನ್ನಡಿಯಲ್ಲಿ ನಗುತ್ತಿರುವ ಜಡೆ.

ಅಮ್ಮನಿಗೆ ಕಮಲಕ್ಕನನ್ನು ಕಂಡರೆ ಪ್ರಾಣ. ಬೆಳಿಗ್ಗೆ ತುಳಸಿಗೆ ಒಂದು ತಂಬಿಗೆ ನೀರು ಹೊಯ್ದು, ಐದು ಪ್ರದಕ್ಷಿಣೆ ಹಾಕಿ, ಎರಡು ದಳ ಕಿತ್ತು ತಂಬಿಗೆಯ ತೀರ್ಥಕ್ಕೆ ಹಾಕಿ, ಮೊದಲು ನನಗೆ, ಆಮೇಲೆ ಕಮಲಕ್ಕನಿಗೆ ಕೊಡುತ್ತಿದ್ದಳು. ನಾನು ಆ ತೀರ್ಥವನ್ನು ಕಣ್ಣುಮುಚ್ಚಿ ಕುಡಿಯುತ್ತಿದ್ದೆ. ಭಕ್ತಿ ಎಂದು ಅಮ್ಮ ತಿಳಿದಿದ್ದಳು.

ಒಂದು ವಿಚಿತ್ರವಿತ್ತು. ಕಟ್ಟೆಯಲ್ಲಿ ಮಣ್ಣು ನಿಲ್ಲುತ್ತಿರಲಿಲ್ಲ. ಮೂರು ತಿಂಗಳಿಗೊಮ್ಮೆ ಗೇಣುದ್ದ ಕುಸಿಯುತ್ತಿತ್ತು. "ನಮ್ಮ ತುಳಸಮ್ಮ ಮಣ್ಣು ತಿಂತಾಳೆ ಕಣೋ, ಬಸುರಿ ಹಾಗೆ" ಎಂದು ಅಮ್ಮ ನಗುತ್ತಿದ್ದಳು. ನಾನು ಭಾನುವಾರ ಇಟ್ಟಮಡುವಿನ ಹೊಲದ ಬದುವಿನಿಂದ ಗೋಣಿಚೀಲದಲ್ಲಿ ಕೆಮ್ಮಣ್ಣು ತುಂಬಿ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತರುತ್ತಿದ್ದೆ. ಹಾಕುತ್ತಿದ್ದೆ. ಅದು ಮತ್ತೆ ಕುಸಿಯುತ್ತಿತ್ತು. ನಟ್ಟು ಬೋಲ್ಟಿನ ಲೆಕ್ಕದಲ್ಲಿ ಒಂದು ಕಡಿಮೆಯಾದರೂ ಎಲ್ಲಿ ಹೋಯಿತೆಂದು ಹುಡುಕುತ್ತಿದ್ದವನು, ಚೀಲಗಟ್ಟಲೆ ಮಣ್ಣು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಲಿಲ್ಲ.

ಮೊದಲ ಸಲ ಬಚ್ಚಲು ಉಕ್ಕಿದ್ದು ಒಂದು ಮಳೆಗಾಲ. ನಾನು ಮೇಲೆ ಸ್ನಾನ ಮಾಡುತ್ತಾ ರಾಗವಾಗಿ ಹಾಡುತ್ತಿದ್ದೆ. ಹಿಂದಿನಿಂದ ಕಮಲಕ್ಕ ಕೂಗಿದರು: "ಸೀನಣ್ಣ, ನಿಲ್ಸಿ! ನೀರು ನಿಲ್ಸಿ!" ಸಂಗೀತಕ್ಕೆ ಬಂದ ವಿಮರ್ಶೆ ಎಂದುಕೊಂಡೆ. ಹೋಗಿ ನೋಡಿದರೆ ಅವರ ಬಚ್ಚಲ ತೂತಿನಿಂದ ಕಪ್ಪು ನೀರು ಬುಗ್ಗೆಯ ಹಾಗೆ ಏಳುತ್ತಿದೆ. ನಾನು ಮೈಮೇಲೆ ಹೊಯ್ದುಕೊಂಡ ನೀರು, ಜೊತೆಗೆ ನಮ್ಮೆಲ್ಲರ ಕಕ್ಕಸಿನದು, ಅವರ ನೆಲದ ಮೇಲೆ. ಕೊಳವೆ ಎಲ್ಲೇ ಕಟ್ಟಿಕೊಳ್ಳಲಿ, ನೀರು ಅತ್ಯಂತ ತಗ್ಗಿನಲ್ಲಿರುವ ಬಾಯಿಯನ್ನು ಹುಡುಕಿಕೊಂಡು ಹೊರಗೆ ಬರುತ್ತದೆ. ಮೂರು ಮೆಟ್ಟಿಲು ಮೇಲಿದ್ದವರು ನಾವು. ತಗ್ಗಿನಲ್ಲಿದ್ದವರು ಕಮಲಕ್ಕ. ತಪ್ಪು ಮಾಡಿದವರ ಮನೆಯಲ್ಲೇ ಕೊಳೆ ಉಕ್ಕುವಂತಿದ್ದರೆ ಲೋಕ ಎಂದೋ ನೆಟ್ಟಗಾಗುತ್ತಿತ್ತು.

ಮುನಿಯಪ್ಪ ಎಂಬವನು ಬಿದಿರಿನ ದಬ್ಬೆ ಹೊತ್ತು ಬಂದ. ಉದ್ದುದ್ದ ಸೀಳಿದ ಬಿದಿರು, ತುದಿಗೆ ತುದಿ ಕಟ್ಟಿ ಕೊಳವೆಯೊಳಗೆ ತೂರಿಸುವುದು. ಬಂದವನೇ ಕೇಳಿದ್ದು: "ಸಾಮಿ, ಚೇಂಬರ್ ಎಲ್ಲೈತೆ?"

ಅಮ್ಮ ಪಕ್ಕದಲ್ಲೇ ನಿಂತಿದ್ದಳು, ಕೈಯಲ್ಲಿ ತುಳಸಿಯ ತಂಬಿಗೆ.

"ಇಲ್ಲ. ನೇರ ಬೀದಿಗೆ ಸೇರುತ್ತೆ" ಎಂದೆ.

"ಅದೆಂಗೆ ಸಾಮಿ? ಪಕ್ಕದಿಂದ ಬಂದು ಬೀದಿಗೆ ತಿರುಗೈತೆ. ತಿರುಗೋ ಕಡೆ ಒಂದು ಬಾಯಿ ಇರ್ಲೇಬೇಕಲ್ಲ?" ಎನ್ನುತ್ತಾ ಅವನ ಕಣ್ಣು ಅಂಗಳದಲ್ಲಿ ಸುತ್ತಿ, ಕಟ್ಟೆಯ ಮೇಲೆ ನಿಂತಿತು.

"ನಮ್ಮ ಮೇಸ್ತ್ರಿಗಿಂತ ನಿನಗೇ ಹೆಚ್ಚು ಗೊತ್ತಾ? ಹಿಂದಿನಿಂದ ಹಾಕು" ಎಂದು ಗದರಿದೆ.

ಅವನು ನನ್ನ ಮುಖ ನೋಡಿದ. ಅಮ್ಮನ ತಂಬಿಗೆ ನೋಡಿದ. "ಆಯ್ತು ಸಾಮಿ" ಎಂದ. ಅವನಿಗೆ ತಿಳಿದುಹೋಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಹಿಂದಿನಿಂದ ಹಾಕಿದ, ಬೀದಿಯಿಂದ ಹಾಕಿದ, ಮೊಣಕಾಲುದ್ದ ಕೊಳೆಯಲ್ಲಿ ನಿಂತು ಮಧ್ಯಾಹ್ನದವರೆಗೆ ಹೆಣಗಿದ. ನೀರು ಅಷ್ಟಿಷ್ಟು ಇಳಿಯಿತು. ದಬ್ಬೆಯನ್ನು ಎಳೆದಾಗ ಅದರ ತುದಿಗೆ ಒಂದು ಬಾಳೆನಾರು ಸುತ್ತಿಕೊಂಡು ಬಂತು. ಬೆರಳುದ್ದದ್ದು, ಅಷ್ಟೆ. ನಾನು ಅದನ್ನು ಕಡ್ಡಿಯಲ್ಲಿ ಎತ್ತಿ ಹಿಡಿದೆ.

"ನೋಡಿ ಕಮಲಕ್ಕ."

ಅಂಗಳದಲ್ಲಿ ಅಮ್ಮ, ನನ್ನ ಹೆಂಡತಿ, ಕಾಂಪೌಂಡಿನಾಚೆ ಇಬ್ಬರು ಮೂವರು ನೆರೆಯವರು ಇದ್ದರು. ಕಮಲಕ್ಕನ ಮುಖ ಕೆಂಪಾಯಿತು. "ನಾನು ಕಸವೆಲ್ಲ ಬುಟ್ಟೀಗೆ ಹಾಕೋದು ಸೀನಣ್ಣ... ಕೈ ತೊಳೀವಾಗ ಒಂದೆಳೆ ಹೋಯ್ತೋ ಏನೋ" ಎಂದರು.

"ಒಂದೆಳೆ ಸಾಕಲ್ವಾ ಕಟ್ಕೊಳ್ಳೋಕೆ?" ಎಂದೆ. ಎಳೆ ಹೊರಗೆ ಬಂದಿದ್ದರೂ ನೀರು ಇನ್ನೂ ನಿಧಾನವಾಗಿಯೇ ಇಳಿಯುತ್ತಿತ್ತು. ಅದನ್ನು ಮುನಿಯಪ್ಪ ನೋಡಿದ. ನಾನೂ ನೋಡಿದೆ.

ನನಗೆ ಗೊತ್ತಿತ್ತೇ? ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಅರ್ಧ ಗೊತ್ತಿತ್ತು. ಪೂರ್ತಿ ಗೊತ್ತಿದ್ದರೆ ಮನುಷ್ಯ ಹೆದರಿಯಾದರೂ ನಿಜ ಹೇಳುತ್ತಾನೆ. ಏನೂ ಗೊತ್ತಿಲ್ಲದಿದ್ದರೆ ಪಾಪವಿಲ್ಲ. ಈ ಅರ್ಧ ಗೊತ್ತಿರುವವನಷ್ಟು ಕೆಟ್ಟವನು ಇನ್ನೊಬ್ಬನಿಲ್ಲ.

ಅಂದಿನಿಂದ ಕಮಲಕ್ಕ ಬಚ್ಚಲ ತೂತಿಗೆ ಬಟ್ಟೆ ಕಟ್ಟಿದರು. ಅಕ್ಕಿ ತೊಳೆದ ನೀರನ್ನೂ ಸೋಸಿ ಚೆಲ್ಲಿದರು. ತಲೆ ಬಾಚಿಕೊಳ್ಳಲು ಬೀದಿಯಂಚಿಗೆ ಹೋದರು. ಜಡೆ ಹೊಲಿಯುವಾಗ ಸೆರಗನ್ನು ಮಡಿಲಲ್ಲಿ ಹರಡಿಕೊಂಡು, ಉದುರಿದ ಒಂದೊಂದು ನಾರನ್ನೂ ಆಯ್ದು ಕಾಗದದಲ್ಲಿ ಕಟ್ಟಿದರು. ಆದರೂ ಗುಳುಗುಳು ನಿಲ್ಲಲಿಲ್ಲ. ಅಮ್ಮ ನೀರು ಹೊಯ್ಯುವುದನ್ನು ನಿಲ್ಲಿಸಿರಲಿಲ್ಲ, ನಾನು ಮಣ್ಣು ತರುವುದನ್ನು ನಿಲ್ಲಿಸಿರಲಿಲ್ಲ.

ಮುಂದಿನ ವೈಶಾಖದಲ್ಲಿ ಜಯನಗರದ ಒಂದು ಮದುವೆಗೆ ಕಮಲಕ್ಕ ಜಡೆ ಒಪ್ಪಿಕೊಂಡಿದ್ದರು. ಬೆಳಕು ಹರಿಯುವ ಮುಂಚೆ ಮಾರುಕಟ್ಟೆಗೆ ಹೋಗಿ ಮೊಗ್ಗು ತಂದು, ಒದ್ದೆ ಬಟ್ಟೆ ಹಾಸಿ ನೆಲದ ಮೇಲೆ ಹರಡಿ, ಅಳತೆಯಂತೆ ಆರಿಸಲು ಕೂತಿದ್ದರು. ನಮ್ಮ ಮನೆಯಲ್ಲಿ ಅಂದು ಹಬ್ಬದಡುಗೆ, ನೆಂಟರು, ಸಾಲಾಗಿ ಸ್ನಾನ. ಈ ಸಲ ನೀರು ಬಚ್ಚಲಲ್ಲಿ ನಿಲ್ಲದೆ ಹೊಸ್ತಿಲು ದಾಟಿ ಕೋಣೆಗೆ ಬಂತು. ನಾನು ಹೋದಾಗ ಕಮಲಕ್ಕ ಸೀರೆ ಎತ್ತಿ ಕಟ್ಟಿ, ಸಿಕ್ಕಿದಷ್ಟು ಮೊಗ್ಗನ್ನು ಮಡಿಲಿಗೆ ತುಂಬಿಕೊಂಡು ಗೋಡೆಗಂಟಿ ನಿಂತಿದ್ದರು. ಮಿಕ್ಕವು ಆ ಕಪ್ಪು ನೀರಿನ ಮೇಲೆ ಬೆಳ್ಳಗೆ ತೇಲುತ್ತಿದ್ದವು. ನನಗೆ ಊರಿನ ಸೀಗೆಕಾಯಿ ನೊರೆ ನೆನಪಾಯಿತು. ಯಾಕೆ ಅಂಥ ಹೊತ್ತಿನಲ್ಲಿ ನೆನಪಾಯಿತೋ ಕಾಣೆ.

"ಮಡಿಲಲ್ಲಿರೋದೂ ಉಪಯೋಗ ಇಲ್ಲ ಸೀನಣ್ಣ" ಎಂದರು. "ಇದನ್ನ ಮುಟ್ಟಿದ ಕೈಲಿ ಮದುವೆ ಹುಡುಗಿ ತಲೆ ಹ್ಯಾಗೆ ಮುಟ್ಲಿ?" ಅವರು ಮದುವೆಮನೆಗೆ ಹೇಳಿಕಳಿಸಿದರು. ಅಲ್ಲಿಯವರು ಏನಂದರೋ ನನಗೆ ಹೇಳಲಿಲ್ಲ.

ಅಮ್ಮ ಅಂಗಳದಲ್ಲಿ ನೆರೆಯವರಿಗೆ ಹೇಳುತ್ತಿದ್ದಳು: "ಒಳ್ಳೆಯವಳೇ ಪಾಪ. ಆದ್ರೆ ಎಷ್ಟು ಹೇಳಿದ್ರೂ ಆ ನಾರು ಬಚ್ಚಲಿಗೆ ಹಾಕೋದು ಬಿಡಲಿಲ್ಲ ನೋಡಿ." ಆ ಮಾತು ನನ್ನದೇ. ಅಮ್ಮನ ಬಾಯಿಗೆ ಬಂದಿತ್ತು, ಅಷ್ಟೇ. ಬೀದಿಯ ಹೆಂಗಸರು ತಮ್ಮ ಹೆಣ್ಣುಮಕ್ಕಳನ್ನು ಜಡೆಗೆ ಕಳಿಸುವುದು ನಿಂತಿತು. ಮುಂದಿನ ತಿಂಗಳು ಕಮಲಕ್ಕ ಮನೆ ಖಾಲಿ ಮಾಡಿದರು. ಹೋಗುವ ದಿನ ಬಚ್ಚಲನ್ನು ತಿಕ್ಕಿ ತೊಳೆದು, ಅದರ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನೂ ಬದಲಿಸಿ, ಅಮ್ಮನ ಕಾಲಿಗೆ ನಮಸ್ಕಾರ ಮಾಡಿ ಹೋದರು.

ಅವರು ಹೋದ ಎರಡನೆಯ ವಾರ, ಯಾರೂ ಇಲ್ಲದ ಆ ಮನೆಯ ಬಚ್ಚಲು ಮತ್ತೆ ಉಕ್ಕಿತು.

ಇನ್ನು ಯಾರ ಮೇಲೆ ಹಾಕಲಿ? ಅಮ್ಮನನ್ನು ಬಿಳೇಕಹಳ್ಳಿಯ ತಂಗಿಯ ಮನೆಗೆ ನಾಲ್ಕು ದಿನ ಕಳಿಸಿದೆ. ಹೆಂಡತಿ, ಪುಟ್ಟಿಯೂ ಜೊತೆಗೆ ಹೋದರು. ತುಳಸಿಗೆ ಬಿಸಿಲು ಸಾಲದು, ಕಟ್ಟೆಯನ್ನು ಪಕ್ಕಕ್ಕೆ ಸರಿಸುತ್ತೇನೆ ಎಂದೆ. ಗಿಡವನ್ನು ಬೇರುಸಹಿತ ಕುಂಡಕ್ಕೆ ಹಾಕಿ, ಚಿಕ್ಕಣ್ಣನಿಂದ ಕಟ್ಟೆ ಒಡೆಸಿದೆ. ಕೆಳಗಿನ ಕಲ್ಲು ನಡುಮಧ್ಯೆ ಬಿರಿದಿತ್ತು. ಅದರಡಿ ಚೇಂಬರಿನ ಮುಕ್ಕಾಲು ಭಾಗ ಕೆಮ್ಮಣ್ಣು, ಇಟ್ಟಿಗೆಯಂತೆ ಗಟ್ಟಿಯಾಗಿ ಕೂತಿತ್ತು. ಅಮ್ಮ ಹೊಯ್ದ ಒಂದೊಂದು ತಂಬಿಗೆ ನೀರೂ ನಾನು ತಂದ ಒಂದೊಂದು ಹಿಡಿ ಮಣ್ಣನ್ನು ಆ ಬಿರುಕಿನಿಂದ ಕೆಳಗಿಳಿಸಿತ್ತು. ಚಿಕ್ಕಣ್ಣ ಬುಟ್ಟಿ ಬುಟ್ಟಿಯಾಗಿ ಎತ್ತಿ ಹಾಕಿದ. ನಾನು ಪ್ರತಿ ಬುಟ್ಟಿಯನ್ನೂ ಕೈಯಿಂದ ಕೆದಕಿದೆ. ತುಳಸಿಯ ಬೇರು ಸಿಕ್ಕಿತು. ಕಾರ್ತಿಕದಲ್ಲಿ ಅಮ್ಮ ಹಚ್ಚಿಟ್ಟ ಒಂದು ಮಣ್ಣಿನ ಹಣತೆಯ ಚೂರು ಸಿಕ್ಕಿತು.

"ಏನ್ ಸಾರ್ ಹುಡುಕ್ತಿದ್ದೀರಾ?"

"ಬಾಳೆನಾರು."

"ಇಲ್ಲಿ ಎಲ್ಲಿಂದ ಬರ್ಬೇಕು? ಬರೀ ಮಣ್ಣು."

ಒಂದೆಳೆಯೂ ಇರಲಿಲ್ಲ. ನಾನು ಆ ಮಣ್ಣಿನ ರಾಶಿಯ ಪಕ್ಕ ಕೂತು ಅತ್ತುಬಿಟ್ಟೆ. ಚಿಕ್ಕಣ್ಣ ಬೇರೆ ಕಡೆ ತಿರುಗಿ ಬೀಡಿ ಹಚ್ಚಿದ. ಸ್ವಲ್ಪ ಹೊತ್ತಿನ ಮೇಲೆ, "ಹೊಟ್ಟೆನೋವು ಹೋಯ್ತು ಬಿಡಿ ಸಾರ್" ಎಂದ. ಬಳೆಯಿರುವ ಹೊಸ ಕಲ್ಲು ಮುಚ್ಚಿ, ಕಮ್ಮಾರನಿಂದ ಈ ಕೊಕ್ಕೆ ಮಾಡಿಸಿ ತಂದುಕೊಟ್ಟವನೂ ಅವನೇ.

ಇಷ್ಟಾದರೂ ನಾನು ತಿದ್ದಿಕೊಳ್ಳಲಿಲ್ಲ. ಅಮ್ಮ ಬಂದು, "ಇದೇನೋ ಕಲ್ಲು, ಬಾಗಿಲೆದುರು?" ಎಂದಾಗ, "ಹೊಸ ಚೇಂಬರಮ್ಮ. ಆ ನಾರಿನ ಕಾಟಕ್ಕೆ ಮಾಡಿಸಬೇಕಾಯ್ತು" ಎಂದೆ. ಬಾಯಿಂದ ತಾನಾಗಿ ಬಂತು. ಆ ರಾತ್ರಿ ಮಾತ್ರ ನಿದ್ದೆ ಬರಲಿಲ್ಲ.

ಮಾರನೆಯ ದಿನ ಎರಡು ಬಸ್ಸು ಬದಲಿಸಿ, ಕಮಲಕ್ಕ ಹೋಗಿ ಸೇರಿದ್ದ ಕುಮಾರಸ್ವಾಮಿ ಲೇಔಟಿಗೆ ಹೋದೆ. ಆಗ ಅಲ್ಲಿ ಮನೆಗಳು ಅಲ್ಲೊಂದು ಇಲ್ಲೊಂದು. ಕಮಲಕ್ಕ ಕಿಟಕಿಯ ಬಳಿ ಕೂತು ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. ಅದೇ ನನಗೆ ಕಷ್ಟವಾದದ್ದು. ಕಾಫಿ ಕೊಟ್ಟರು. "ಜಡೆ?" ಎಂದೆ.

"ಬಿಟ್ಟೆ ಸೀನಣ್ಣ. ಇನ್ನೊಬ್ರ ಮನೆ ಹಾಳು ಮಾಡೋ ವಿದ್ಯೆ ಯಾಕೆ? ನಿಮ್ಗೆ ಎಷ್ಟು ತೊಂದ್ರೆ ಕೊಟ್ಟೆ." ಒಳಗೆ ಕರೆದು ಬಚ್ಚಲು ತೋರಿಸಿದರು. ತೂತಿಗೆ ತೊಳೆದ ಬಿಳಿಯ ಬಟ್ಟೆ ಕಟ್ಟಿತ್ತು. "ನೋಡಿ, ನೀವು ಕಲಿಸಿದ್ದು."

ಅಲ್ಲಿಯೇ, ಆ ಬಚ್ಚಲ ಬಾಗಿಲಲ್ಲಿ ನಿಂತೇ, ನಾನು ಎಲ್ಲವನ್ನೂ ಹೇಳಿದೆ. ಕಟ್ಟೆ, ಕಲ್ಲು, ಮಣ್ಣು, ಮುನಿಯಪ್ಪನನ್ನು ಗದರಿದ್ದು, ನೆಲ ಶುದ್ಧವೆಂದದ್ದು, ಕೊನೆಗೆ ಹೊಸ ಚೇಂಬರಿನ ಸುಳ್ಳನ್ನೂ. ಕಮಲಕ್ಕ ಬಚ್ಚಲ ಬಟ್ಟೆಯನ್ನೇ ನೋಡುತ್ತಿದ್ದರು. ಬಯ್ಯುತ್ತಾರೆ ಎಂದು ಕಾದೆ. ಬಯ್ದರೆ ಸಾಕು ಎಂದೂ ಕಾದೆ.

"ಆ ಮದುವೆ ಹುಡುಗಿ," ಎಂದರು ಕೊನೆಗೆ, "ಬರೀ ಮಾಲೆ ಮುಡ್ಕೊಂಡು ಹಸೆ ಮೇಲೆ ಕೂತ್ಕೊಂಡ್ಳಂತೆ. ಒಂದು ವರ್ಷ ಮುಂಚೆ ಹೇಳ್ಬೋದಿತ್ತು ನೀವು."

"ಹೌದು ಕಮಲಕ್ಕ."

"ನಾನು ಕೆಟ್ಟವಳಲ್ಲ ಅಂತ ನಂಗೆ ನಾನೇ ಹೇಳ್ಕೋಬೇಕಾಯ್ತು. ನಂಬಿಕೆ ಬರ್ಲಿಲ್ಲ."

ನಾನು ತಲೆ ತಗ್ಗಿಸಿದೆ. "ಮನೆಗೆ ಹೋದ ತಕ್ಷಣ ಅಮ್ಮಂಗೆ ಹೇಳ್ತೀನಿ. ಬೀದಿಯವರಿಗೂ ಹೇಳ್ತೀನಿ. ನಿಮ್ಮ ಹೆಸರು..."

"ಅಮ್ಮಂಗೆ ಗೊತ್ತಿಲ್ವಾ?"

"ಇಲ್ಲ."

ಅವರು ತಟ್ಟನೆ ನನ್ನ ಕಡೆ ತಿರುಗಿದರು. "ಹೇಳ್ಬೇಡಿ."

"ಕಮಲಕ್ಕ..."

"ಬೇಡ ಸೀನಣ್ಣ. ಅಷ್ಟು ವರ್ಷ ದಿನಾ ಐದು ಸುತ್ತು ಹಾಕಿದ್ದಾರೆ. ತೀರ್ಥ ತಗೊಂಡಿದ್ದಾರೆ, ನಮಗೂ ಕೊಟ್ಟಿದ್ದಾರೆ. ಈಗ ಹೋಗಿ ಅದು ಕಕ್ಕಸಿನ ಮೇಲಿತ್ತು ಅಂದ್ರೆ ಆ ಜೀವ ತಡ್ಕೊಳ್ಳುತ್ತಾ? ನಾರು ನಂದೇ ಅಂತ ಇರ್ಲಿ ಬಿಡಿ." ಮತ್ತೆ, ಸೂಜಿ ಕೈಗೆತ್ತಿಕೊಳ್ಳುತ್ತಾ, "ನಂಗೆ ಗೊತ್ತಾಯ್ತಲ್ಲ, ಸಾಕು. ನೀವು ಮಾತ್ರ ಆ ಮುಚ್ಚಳ ತೆಗೆದು ನೋಡ್ತಾ ಇರಿ" ಎಂದರು.

ನಾನು ಹೊರಟಾಗ ಅವರು ಬಚ್ಚಲ ಬಟ್ಟೆಯನ್ನು ಬಿಚ್ಚುತ್ತಿದ್ದರು.

ಮುಂದಿನ ಬೇಸಿಗೆಯಲ್ಲಿ ಪುಟ್ಟಿ ಮೊಗ್ಗಿನ ಜಡೆಗೆ ಹಟ ಹಿಡಿದಳು. ಅಮ್ಮನೇ ಹೇಳಿದಳು: "ಕಮಲನ್ನ ಕರೆಸೋ. ಅವಳ ಕೈಯಂಥ ಕೈ ಯಾರಿಗಿದೆ? ಆ ನಾರಿನ ವಿಷಯ ಒಂದು ಬಿಟ್ರೆ ಬಂಗಾರದಂಥ ಹೆಂಗಸು." ಬರುತ್ತಾರೋ ಇಲ್ಲವೋ ಎಂದುಕೊಂಡೇ ಹೋಗಿ ಕೇಳಿದೆ. ಬಂದರು. ಜಗಲಿಯ ಮೇಲೆ ಪುಟ್ಟಿಯನ್ನು ಮುಂದೆ ಕೂರಿಸಿಕೊಂಡು, ಮಡಿಲಲ್ಲಿ ಸೆರಗು ಹರಡಿ, ಮೊಗ್ಗು ಹೊಲಿಯತೊಡಗಿದರು. ಒಂದು ವರ್ಷ ಬಿಟ್ಟಿದ್ದರೂ ಬೆರಳು ಮರೆತಿರಲಿಲ್ಲ. ಕಾಂಪೌಂಡಿನಾಚೆಯಿಂದ ಒಬ್ಬಿಬ್ಬರು ತಾಯಂದಿರು ಇಣುಕಿದರು. ಹೊಸ ತುಳಸಿಕಟ್ಟೆಯ ಬಳಿಯಿಂದ ಅಮ್ಮ ನಗುತ್ತಾ ಕೂಗಿದಳು:

"ಕಮಲಾ, ನಾರು ಬಚ್ಚಲಿಗೆ ಹಾಕ್ಬೇಡಮ್ಮ ಮತ್ತೆ!"

ನಾನು ಬಾಗಿಲಲ್ಲಿ ನಿಂತಿದ್ದೆ. ಕಮಲಕ್ಕನ ಸೂಜಿ ಒಂದು ಕ್ಷಣ ನಿಂತಿತು. ನನ್ನ ಕಡೆ ನೋಡಲಿಲ್ಲ.

"ಇಲ್ಲಮ್ಮ," ಎಂದರು, "ಹಾಕಲ್ಲ. ಆಗ ತಿಳ್ದಿರ್ಲಿಲ್ಲ."

ಜಡೆ ಮುಗಿದ ಮೇಲೆ ಉದುರಿದ ನಾರಿನ ಚೂರುಗಳನ್ನೆಲ್ಲ ಆಯ್ದು ಕಾಗದದಲ್ಲಿ ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಟ್ಟರು. "ಎಲ್ಲಾದ್ರೂ ಹಾಕ್ಬಿಡಿ ಸೀನಣ್ಣ." ಕಸದ ಬುಟ್ಟಿಯವರೆಗೂ ಹೋದೆ, ಹಾಕಲು ಕೈ ಬರಲಿಲ್ಲ. ಸಂಜೆ ಯಾರೂ ಇಲ್ಲದಾಗ ತುಳಸಿಯ ಬುಡದ ಮಣ್ಣು ಬಗೆದು, ಪೊಟ್ಟಣ ಬಿಚ್ಚಿ, ಆ ನಾರನ್ನು ಅಲ್ಲಿ ಹೂತೆ.

ಮಾರನೆಯ ಬೆಳಿಗ್ಗೆ ಅಮ್ಮ ಎಂದಿನಂತೆ ಅದರ ಮೇಲೆ ಒಂದು ತಂಬಿಗೆ ನೀರು ಹೊಯ್ದು ಕೈ ಮುಗಿದಳು.